ತಿಂದದ್ದರ ಲೆಕ್ಕ: ಅತಿಸಂಸ್ಕರಿತ ಆಹಾರವನ್ನು ಅಳೆಯುವ ಬಗ್ಗೆ ಓದುಗರ ಪ್ರಶ್ನೆಗಳು

ಹಿಂದಿನ ಸಂಚಿಕೆಯಲ್ಲಿ ಅತಿಸಂಸ್ಕರಿತ ಆಹಾರದ ಕುರಿತು, ಅಂದರೆ ತಂಪು ಪಾನೀಯ, ದಿಢೀರ್ ನೂಡಲ್ಸ್‌ನಂಥ ಕಾರ್ಖಾನೆಯ ತಿನಿಸುಗಳ ಕುರಿತು, ಬರೆದ ಮೇಲೆ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಅನುಮಾನದ ಸುತ್ತ ಇವೆ. ಇಂತಹ ಆಹಾರವನ್ನು ಜನ ಇಷ್ಟು ತಿನ್ನುತ್ತಾರೆ ಎಂದು ಹೇಳುವವರು ಅದನ್ನು ಅಳೆದದ್ದಾದರೂ ಹೇಗೆ ಎಂಬುದೇ ಆ ಅನುಮಾನ. ಇದು ಬಹಳ ಸರಿಯಾದ ಪ್ರಶ್ನೆ. ಈ ಆಹಾರದಿಂದ ಹಾನಿಯಿದೆ ಎನ್ನುವ ವಾದವೂ, ಇಲ್ಲ ಎನ್ನುವ ವಾದವೂ ಕೊನೆಗೆ ನಿಲ್ಲುವುದು ಈ ಅಳತೆಯ ಮೇಲೆಯೇ. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಅಮೆರಿಕದಲ್ಲಿ ಜನ ಸೇವಿಸುವ ಕ್ಯಾಲೊರಿಯ ಅರ್ಧಕ್ಕಿಂತ ಹೆಚ್ಚು ಪಾಲು ಅತಿಸಂಸ್ಕರಿತ ಆಹಾರದಿಂದ ಬರುತ್ತದೆ ಎಂದು ಓದಿದೆ. ಇಡೀ ದೇಶದ ಜನರ ತಟ್ಟೆಯನ್ನು ತೂಗಿದವರು ಯಾರು?

ಉತ್ತರ: ಯಾರೂ ತೂಗಲಿಲ್ಲ, ಕೇಳಿದರು. ನೀವು ಓದಿದ್ದು ಆ ದೇಶದ ರೋಗ ನಿಯಂತ್ರಣ ಮತ್ತು ತಡೆ ಕೇಂದ್ರವು 2025ರ ಆಗಸ್ಟ್ ತಿಂಗಳಲ್ಲಿ ಪ್ರಕಟಿಸಿದ ಅಂಕಿಯಿರಬೇಕು. 2021ರ ಆಗಸ್ಟ್‌ನಿಂದ 2023ರ ಆಗಸ್ಟ್‌ವರೆಗೆ ನಡೆದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ, ಒಂದು ವರ್ಷ ತುಂಬಿದ ಎಲ್ಲರನ್ನೂ ಸೇರಿಸಿ ತೆಗೆದ ಸರಾಸರಿ ಶೇ. 55, ವಯಸ್ಕರದು ಶೇ. 53, ಮಕ್ಕಳು ಮತ್ತು ಹದಿಹರೆಯದವರದು ಶೇ. 61.9.

ಈ ಅಂಕಿಗಳ ಮೂಲದಲ್ಲಿರುವುದು ಒಂದು ಸಂಭಾಷಣೆ. ತರಬೇತಿ ಪಡೆದ ಸಂದರ್ಶಕರು ಆಯ್ದ ವ್ಯಕ್ತಿಯನ್ನು ಮಾತಾಡಿಸಿ, ನಿನ್ನೆ ಒಂದು ನಡುರಾತ್ರಿಯಿಂದ ಇನ್ನೊಂದು ನಡುರಾತ್ರಿಯವರೆಗೆ ಏನೇನು ತಿಂದಿರಿ, ಏನೇನು ಕುಡಿದಿರಿ ಎಂದು ಕೇಳುತ್ತಾರೆ. ಕೇಳುವುದು ಒಂದೇ ಸಲ ಅಲ್ಲ, ಐದು ಸುತ್ತು. ಮೊದಲು ನೆನಪಿಗೆ ಬಂದದ್ದನ್ನೆಲ್ಲ ತಡೆಯಿಲ್ಲದೆ ಹೇಳಲು ಬಿಡುತ್ತಾರೆ. ಆಮೇಲೆ ಜನ ಸಾಮಾನ್ಯವಾಗಿ ಮರೆಯುವ ಪದಾರ್ಥಗಳನ್ನು, ಅಂದರೆ ಪಾನೀಯ, ಸಿಹಿತಿನಿಸು, ಕುರುಕಲು ತಿಂಡಿಗಳನ್ನು, ಒಂದೊಂದಾಗಿ ಹೆಸರಿಸಿ ಕೇಳುತ್ತಾರೆ. ಮೂರನೆಯ ಸುತ್ತಿನಲ್ಲಿ ಪ್ರತಿಯೊಂದನ್ನೂ ತಿಂದ ಹೊತ್ತು ಮತ್ತು ಸಂದರ್ಭ, ನಾಲ್ಕನೆಯದರಲ್ಲಿ ಪ್ರಮಾಣ ಮತ್ತು ವಿವರ, ಕೊನೆಯದರಲ್ಲಿ ಬಿಟ್ಟುಹೋದದ್ದು ಇನ್ನೇನಾದರೂ ಇದೆಯೇ ಎಂಬ ವಿಚಾರಣೆ. ಹೀಗೆ ದೊರೆತ ಪ್ರತಿಯೊಂದು ಪದಾರ್ಥಕ್ಕೂ ಒಂದು ಸಂಕೇತ ಸಂಖ್ಯೆ ಕೊಟ್ಟು, ಆ ಸಂಖ್ಯೆಯನ್ನು ಪೋಷಕಾಂಶಗಳ ದೊಡ್ಡ ಪಟ್ಟಿಗೆ ಜೋಡಿಸಿ ಕ್ಯಾಲೊರಿ ಲೆಕ್ಕ ಹಾಕುತ್ತಾರೆ. ಅದು ಅತಿಸಂಸ್ಕರಿತವೇ ಅಲ್ಲವೇ ಎಂಬ ವಿಂಗಡಣೆ ಬರುವುದು ಇಷ್ಟೆಲ್ಲ ಮುಗಿದ ನಂತರ, ಬಹುಮಟ್ಟಿಗೆ ಆ ಸಂಕೇತ ಸಂಖ್ಯೆಯ ವಿವರಣೆಯನ್ನು ಓದಿಕೊಂಡು.

ಈ ಕ್ರಮವನ್ನು ಗಮನಿಸಿ. ಸಂಸ್ಕರಣೆ ಎಂಬುದು ಸಂದರ್ಶನದ ಹೊತ್ತಿಗೆ ಬಹುಪಾಲು ಇಲ್ಲವೇ ಇಲ್ಲ. ಅದನ್ನು ಆಮೇಲೆ ಊಹಿಸಿ ಸೇರಿಸಲಾಗುತ್ತದೆ. ನನ್ನ ದೃಷ್ಟಿಯಲ್ಲಿ ಈ ಅಳತೆಯ ಅತಿ ದೊಡ್ಡ ಸೋರಿಕೆ ಇರುವುದು ಇಲ್ಲಿ. ಜನ ಮರೆಯುತ್ತಾರೆ ಎಂಬ ಮಾತನ್ನು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಆದರೆ ನೆನಪಿನಲ್ಲಿ ಚೆನ್ನಾಗಿಯೇ ಇದ್ದ, ಕೇಳಿದ್ದರೆ ಸಿಗುತ್ತಿದ್ದ ವಿವರವನ್ನು ಯಾರೂ ಕೇಳದೆ ಕಳೆದುಕೊಳ್ಳುವುದು ಅದಕ್ಕಿಂತ ದೊಡ್ಡ ನಷ್ಟ, ಮತ್ತು ತಪ್ಪಿಸಬಹುದಾದ ನಷ್ಟ.

ಪ್ರಶ್ನೆ: ಒಂದೇ ಬ್ರೆಡ್ಡನ್ನು ಒಬ್ಬರು ಅತಿಸಂಸ್ಕರಿತ ಎನ್ನುತ್ತಾರೆ, ಇನ್ನೊಬ್ಬರು ಅಲ್ಲ ಎನ್ನುತ್ತಾರೆ. ವಿಂಗಡಣೆಯೇ ಗಟ್ಟಿಯಿಲ್ಲದಿದ್ದರೆ ಅಳತೆಗೆ ಏನರ್ಥ?

ಉತ್ತರ: ಇಬ್ಬರೂ ಸರಿಯಿರಬಹುದು, ಏಕೆಂದರೆ ಇಬ್ಬರ ಮನಸ್ಸಿನಲ್ಲಿರುವ ಬ್ರೆಡ್ಡು ಬೇರೆ ಬೇರೆಯಾಗಿರಬಹುದು. ಇದನ್ನು ತುಸು ವಿವರವಾಗಿ ಹೇಳಬೇಕು.

ಇಂದು ಹೆಚ್ಚಾಗಿ ಬಳಕೆಯಲ್ಲಿರುವುದು ನೋವಾ ಎಂಬ ವಿಂಗಡಣೆ. ಬ್ರೆಜಿಲ್‌ನ ಸಾವೊ ಪೌಲೊ ವಿಶ್ವವಿದ್ಯಾಲಯದ ಕಾರ್ಲೋಸ್ ಮೊಂಟೇರೊ 2009ರಲ್ಲಿ ಮುಂದಿಟ್ಟ ವಿಚಾರವನ್ನು ಅವರೂ ಅವರ ಸಹೋದ್ಯೋಗಿಗಳೂ ಬೆಳೆಸಿ ರೂಪಿಸಿದ್ದು ಇದು. ಆಹಾರದಲ್ಲಿ ಕೊಬ್ಬೆಷ್ಟು, ಸಕ್ಕರೆಯೆಷ್ಟು ಎಂದು ಇದು ಕೇಳುವುದಿಲ್ಲ. ಆ ಆಹಾರವನ್ನು ಹೇಗೆ, ಯಾವ ಉದ್ದೇಶಕ್ಕೆ ತಯಾರಿಸಲಾಗಿದೆ ಎಂದು ಕೇಳುತ್ತದೆ. ಹಣ್ಣು, ಕಾಳು, ಹಾಲು, ಮೊಟ್ಟೆಯಂಥವು ಮೊದಲ ಗುಂಪು. ಅಡುಗೆಗೆ ಬಳಸುವ ಎಣ್ಣೆ, ಸಕ್ಕರೆ, ಉಪ್ಪು ಎರಡನೆಯದು. ಮೊದಲಿನದಕ್ಕೆ ಎರಡನೆಯದನ್ನು ಸೇರಿಸಿ ಮಾಡಿದ ಚೀಸ್, ಉಪ್ಪುನೀರಿನ ತರಕಾರಿ ಮೊದಲಾದವು ಮೂರನೆಯದು. ನಾಲ್ಕನೆಯದೇ ಅತಿಸಂಸ್ಕರಿತ ಆಹಾರ. ಮೂಲ ಪದಾರ್ಥಗಳನ್ನು ಕಾರ್ಖಾನೆಯಲ್ಲಿ ಅಂಶಗಳಾಗಿ ಬಿಡಿಸಿ, ಆ ಅಂಶಗಳನ್ನು ಮತ್ತೆ ಜೋಡಿಸಿ, ಮನೆಯ ಅಡುಗೆಯಲ್ಲಿ ಸಾಮಾನ್ಯವಾಗಿ ಕಾಣದ ವಸ್ತುಗಳನ್ನು ಸೇರಿಸಿ ಮಾಡಿದ್ದು.

ಈಗ ಬ್ರೆಡ್ಡಿಗೆ ಬರೋಣ. ಹಿಟ್ಟು, ನೀರು, ಉಪ್ಪು, ಯೀಸ್ಟ್ ಇಷ್ಟರಿಂದಲೇ ಮಾಡಿದ ಬ್ರೆಡ್ಡು ಮೂರನೆಯ ಗುಂಪಿಗೆ ಸೇರುತ್ತದೆ. ಅದೇ ಬಣ್ಣದ, ಅದೇ ಆಕಾರದ ಇನ್ನೊಂದು ಬ್ರೆಡ್ಡಿನ ಪೊಟ್ಟಣದ ಹಿಂಬದಿಯಲ್ಲಿ ಎಮಲ್ಸಿಫೈಯರ್ (ಎಣ್ಣೆ, ನೀರು ಬೇರ್ಪಡದಂತೆ ಹಿಡಿದಿಡುವ ವಸ್ತು) ಎಂಬ ಒಂದು ಪದವಿದ್ದರೆ ಅದು ನಾಲ್ಕನೆಯ ಗುಂಪು. ಮೊಸರಿಗೂ ಇದೇ ಮಾತು. ಹಾಲು ಮತ್ತು ಹೆಪ್ಪಿನಿಂದ ಆದದ್ದು ಒಂದನೆಯ ಗುಂಪು, ಬಣ್ಣ, ಸುವಾಸನೆ, ಕೃತಕ ಸಿಹಿ ಸೇರಿಸಿದ್ದು ನಾಲ್ಕನೆಯದು. ಸಮೀಕ್ಷೆಯಲ್ಲಿ ಒಬ್ಬರು ‘ಎರಡು ತುಂಡು ಬ್ರೆಡ್ಡು, ಒಂದು ಬಟ್ಟಲು ಮೊಸರು’ ಎಂದರೆ ಅದು ನಿಖರವಾದ ಉತ್ತರವೇ. ನೆನಪು ಸರಿಯಿದೆ, ಪ್ರಮಾಣ ಸರಿಯಿದೆ. ಆದರೂ ಗುಂಪು ತಿಳಿಯುವುದಿಲ್ಲ.

ಪೊಟ್ಟಣದ ವಿವರ ಕೈಯಲ್ಲಿದ್ದಾಗಲೂ ತಜ್ಞರು ಒಮ್ಮತಕ್ಕೆ ಬರುತ್ತಾರೆಯೇ? ಫ್ರಾನ್ಸ್‌ನಲ್ಲಿ ಇದನ್ನು ಪರೀಕ್ಷಿಸಿ ನೋಡಿ 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಆಹಾರ ಮತ್ತು ಪೋಷಣೆಯ ಕ್ಷೇತ್ರದ ನೂರೈವತ್ತಕ್ಕೂ ಹೆಚ್ಚು ಮಂದಿಗೆ, ಮಾರುಕಟ್ಟೆಯಲ್ಲಿ ಸಿಗುವ 120 ಪದಾರ್ಥಗಳನ್ನು ಅವುಗಳ ಘಟಕಗಳ ಪಟ್ಟಿಯ ಸಮೇತ ಕೊಟ್ಟು ನೋವಾ ಪ್ರಕಾರ ವಿಂಗಡಿಸಲು ಹೇಳಲಾಯಿತು. ಬರೀ ಆಕಸ್ಮಿಕ ಹೊಂದಿಕೆಯಿದ್ದರೆ ಸೊನ್ನೆ, ಸಂಪೂರ್ಣ ಒಮ್ಮತವಿದ್ದರೆ ಒಂದು ಎಂಬ ಮಾಪನದಲ್ಲಿ ಅವರ ಹೊಂದಿಕೆ 0.32ಕ್ಕೆ ನಿಂತಿತು. ಎಲ್ಲರೂ ಒಂದೇ ಗುಂಪಿಗೆ ಹಾಕಿದ ಪದಾರ್ಥಗಳು ಮೂರೇ ಮೂರು. ನೋವಾ ಪರವಾಗಿರುವವರು ಇದಕ್ಕೆ ಕೊಡುವ ಉತ್ತರದಲ್ಲೂ ಹುರುಳಿದೆ. ಸಮೀಕ್ಷೆಗಳಲ್ಲಿ ವಿಂಗಡಣೆ ಮಾಡುವವರು ಮೊದಲೇ ಬರೆದಿಟ್ಟ ನಿಯಮಗಳನ್ನು ಪಾಲಿಸುತ್ತಾರೆ, ಇಬ್ಬರು ಪ್ರತ್ಯೇಕವಾಗಿ ವಿಂಗಡಿಸಿ ಭಿನ್ನಾಭಿಪ್ರಾಯ ಬಂದಲ್ಲಿ ಮೂರನೆಯವರನ್ನು ಕೇಳುತ್ತಾರೆ, ಆದ್ದರಿಂದ ಅಲ್ಲಿಯ ಹೊಂದಿಕೆ ಇದಕ್ಕಿಂತ ಮೇಲಿರುತ್ತದೆ ಎಂಬುದು ಅವರ ವಾದ. ಒಪ್ಪಬಹುದು. ಆದರೆ ನಿಯಮ ಪಾಲನೆಯಿಂದ ಬರುವುದು ಏಕರೂಪತೆ. ಎಲ್ಲರೂ ಏಕರೂಪವಾಗಿ ತಪ್ಪು ಗುಂಪಿಗೆ ಹಾಕುವ ಸಾಧ್ಯತೆ ಅದರಿಂದ ಹೋಗುವುದಿಲ್ಲ.

ಪ್ರಾಮಾಣಿಕ ಸಂಶೋಧಕರು ಇಂಥ ಕಡೆ ಮಾಡುವ ಕೆಲಸವೊಂದಿದೆ, ಅದನ್ನು ನಾನು ಮೆಚ್ಚುತ್ತೇನೆ. ಗುಂಪು ತಿಳಿಯದ ಬ್ರೆಡ್ಡು, ಸೂಪು, ಸಾಸ್‌ಗಳನ್ನೆಲ್ಲ ಒಮ್ಮೆ ಅತಿಸಂಸ್ಕರಿತವೆಂದು ಹಿಡಿದು ಲೆಕ್ಕ ಮಾಡುತ್ತಾರೆ, ಇನ್ನೊಮ್ಮೆ ಅಲ್ಲವೆಂದು ಹಿಡಿದು ಲೆಕ್ಕ ಮಾಡುತ್ತಾರೆ, ಎರಡು ಫಲಿತಾಂಶಗಳನ್ನೂ ಓದುಗರ ಮುಂದಿಡುತ್ತಾರೆ. ಎರಡರ ನಡುವಿನ ಅಂತರ ಚಿಕ್ಕದಾಗಿದ್ದರೆ ಆ ಅಂಕಿಯನ್ನು ನಂಬಬಹುದು. ದೊಡ್ಡದಾಗಿದ್ದರೆ, ನಡುವಿನ ಒಂದೇ ಸಂಖ್ಯೆಯನ್ನು ಎತ್ತಿ ತಲೆಬರಹ ಮಾಡುವುದು ಓದುಗರಿಗೆ ಮಾಡುವ ಅನ್ಯಾಯ.

ಪ್ರಶ್ನೆ: ಕೆಲವು ಅಧ್ಯಯನಗಳು ಶೇಕಡಾವಾರು ಕ್ಯಾಲೊರಿ ಎನ್ನುತ್ತವೆ, ಕೆಲವು ಶೇಕಡಾವಾರು ತೂಕ ಎನ್ನುತ್ತವೆ. ವ್ಯತ್ಯಾಸ ದೊಡ್ಡದೇ?

ಉತ್ತರ: ಬಹಳ ದೊಡ್ಡದು. ಒಂದು ಕಾಲ್ಪನಿಕ ಲೆಕ್ಕ ನೋಡಿ. ಒಬ್ಬರು ದಿನಕ್ಕೆ 2,000 ಕ್ಯಾಲೊರಿ ಸೇವಿಸುತ್ತಾರೆ. ಕುಡಿಯುವ ನೀರನ್ನು ಬಿಟ್ಟು ಒಟ್ಟು ತೂಕ 1,500 ಗ್ರಾಂ. ಅದರಲ್ಲಿ 100 ಗ್ರಾಂ ಬಿಸ್ಕತ್ತು, ಅದರಿಂದ 480 ಕ್ಯಾಲೊರಿ. ಕೃತಕ ಸಿಹಿಯ ತಂಪು ಪಾನೀಯ 500 ಗ್ರಾಂ, ಅದರಿಂದ ಹೆಚ್ಚುಕಡಿಮೆ ಸೊನ್ನೆ ಕ್ಯಾಲೊರಿ. ಕ್ಯಾಲೊರಿಯ ಲೆಕ್ಕದಲ್ಲಿ ಅವರ ಅತಿಸಂಸ್ಕರಿತ ಪಾಲು ಶೇ. 24, ತೂಕದ ಲೆಕ್ಕದಲ್ಲಿ ಶೇ. 40. ಅವರ ಪಕ್ಕದ ಮನೆಯವರು ಆ ಪಾನೀಯವನ್ನೊಂದು ಬಿಟ್ಟು ಉಳಿದದ್ದನ್ನೆಲ್ಲ ಅಷ್ಟೇ ತಿಂದರೆ, ಕ್ಯಾಲೊರಿಯಲ್ಲಿ ಅವರದೂ ಶೇ. 24, ಆದರೆ ತೂಕದಲ್ಲಿ ಶೇ. 10 ಮಾತ್ರ. ಅಂದರೆ ಒಂದು ಅಳತೆಗೆ ಅರ್ಧ ಲೀಟರ್ ಪಾನೀಯ ಕಾಣಿಸುವುದೇ ಇಲ್ಲ, ಇನ್ನೊಂದು ಅಳತೆಗೆ ಅದೇ ಎಲ್ಲಕ್ಕಿಂತ ದೊಡ್ಡದಾಗಿ ಕಾಣುತ್ತದೆ. ಫ್ರಾನ್ಸ್‌ನಲ್ಲಿ 2009ರಿಂದ ನಡೆಯುತ್ತಿರುವ ನ್ಯೂಟ್ರಿನೆಟ್-ಸಾಂತೆ ಅಧ್ಯಯನವು ತೂಕದ ಪಾಲನ್ನು ಬಳಸಿದ್ದರ ಹಿಂದಿನ ಕಾರಣಗಳಲ್ಲಿ ಇದೂ ಒಂದು: ಕ್ಯಾಲೊರಿಯಿಲ್ಲದ ಸೇರ್ಪಡೆಗಳನ್ನೂ ಲೆಕ್ಕಕ್ಕೆ ತರಬೇಕು. ಹೊಟ್ಟೆಗೆ ಹೋಗುವ ಶಕ್ತಿಯ ಪ್ರಶ್ನೆಯಾದರೆ ಕ್ಯಾಲೊರಿ, ಸೇರ್ಪಡೆ ವಸ್ತುಗಳ ಪ್ರಶ್ನೆಯಾದರೆ ತೂಕ ಹೆಚ್ಚು ಸೂಕ್ತ. ಒಂದು ದೇಶದ ಕ್ಯಾಲೊರಿ ಪಾಲನ್ನು ಇನ್ನೊಂದು ದೇಶದ ತೂಕದ ಪಾಲಿನೊಂದಿಗೆ ಹೋಲಿಸಬಾರದು.

ಪ್ರಶ್ನೆ: ಜನ ತಿಂದದ್ದನ್ನು ಕಡಿಮೆ ಮಾಡಿ ಹೇಳುತ್ತಾರೆ ಎನ್ನುತ್ತಾರಲ್ಲ, ಅದನ್ನು ಕಂಡುಹಿಡಿಯುವುದು ಹೇಗೆ?

ಉತ್ತರ: ಇದಕ್ಕೆ ವಿಜ್ಞಾನದ ಬಳಿ ಒಂದು ಸೊಗಸಾದ ಉಪಾಯವಿದೆ. ಸಾಮಾನ್ಯ ಹೈಡ್ರೋಜನ್ನಿಗೂ ಆಕ್ಸಿಜನ್ನಿಗೂ ಬದಲಾಗಿ ಅವುಗಳ ತುಸು ಭಾರವಾದ, ವಿಕಿರಣವಿಲ್ಲದ ರೂಪಗಳಿರುವ ನೀರನ್ನು ಸ್ವಲ್ಪ ಕುಡಿಸುತ್ತಾರೆ. ಭಾರದ ಹೈಡ್ರೋಜನ್ ದೇಹದಿಂದ ನೀರಾಗಿ ಮಾತ್ರ ಹೊರಬೀಳುತ್ತದೆ. ಭಾರದ ಆಕ್ಸಿಜನ್ ನೀರಾಗಿಯೂ, ಉಸಿರಿನ ಇಂಗಾಲದ ಡೈಆಕ್ಸೈಡ್ ಆಗಿಯೂ ಹೊರಬೀಳುತ್ತದೆ. ಸುಮಾರು ಎರಡು ವಾರ ಮೂತ್ರವನ್ನು ಪರೀಕ್ಷಿಸಿ ಎರಡೂ ಎಷ್ಟು ಬೇಗ ಕಡಿಮೆಯಾದವು ಎಂದು ನೋಡಿದರೆ, ಆ ವ್ಯತ್ಯಾಸದಿಂದ ಇಂಗಾಲದ ಡೈಆಕ್ಸೈಡ್ ಎಷ್ಟು ಹೊರಬಿತ್ತೆಂದೂ, ಅದರಿಂದ ದೇಹ ಎಷ್ಟು ಶಕ್ತಿ ಖರ್ಚು ಮಾಡಿತೆಂದೂ ತಿಳಿಯುತ್ತದೆ. ತೂಕ ಏರದೆ ಇಳಿಯದೆ ಇರುವವರಲ್ಲಿ ಖರ್ಚಾದ ಶಕ್ತಿಯೇ ತಿಂದ ಶಕ್ತಿ.

ಅಮೆರಿಕದ ರಾಷ್ಟ್ರೀಯ ಕ್ಯಾನ್ಸರ್ ಸಂಸ್ಥೆಯು 40ರಿಂದ 69 ವರ್ಷದ 484 ಸ್ವಯಂಸೇವಕರಲ್ಲಿ ಈ ಪರೀಕ್ಷೆ ನಡೆಸಿ 2003ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಈ ಕ್ಷೇತ್ರದವರು ಇಂದಿಗೂ ಉಲ್ಲೇಖಿಸುತ್ತಾರೆ. ನಿನ್ನೆಯ ಆಹಾರವನ್ನು ಕೇಳುವ ವಿಧಾನದಲ್ಲಿ ಪುರುಷರು ಶೇ. 12ರಿಂದ 14ರಷ್ಟು, ಮಹಿಳೆಯರು ಶೇ. 16ರಿಂದ 20ರಷ್ಟು ಕಡಿಮೆ ಹೇಳಿದ್ದರು. ‘ಕಳೆದ ವರ್ಷದಲ್ಲಿ ಈ ಪದಾರ್ಥವನ್ನು ತಿಂಗಳಿಗೆ ಎಷ್ಟು ಸಲ ತಿಂದಿರಿ’ ಎಂಬ ಬಗೆಯ ಪ್ರಶ್ನಾವಳಿಯಲ್ಲಿ ಆ ಕೊರತೆ ಪುರುಷರಲ್ಲಿ ಶೇ. 31ರಿಂದ 36, ಮಹಿಳೆಯರಲ್ಲಿ ಶೇ. 34ರಿಂದ 38. ಮೂರರಲ್ಲಿ ಒಂದು ಪಾಲು ಕಾಗದದ ಮೇಲೆ ಬರಲೇ ಇಲ್ಲ.

ಇದನ್ನು ಸುಳ್ಳು ಎಂದು ಕರೆಯಲು ನನಗೆ ಮನಸ್ಸಿಲ್ಲ. ಊಟದ ವೇಳೆಗೆ ಕುಳಿತು ತಿಂದದ್ದು ನೆನಪಿನಲ್ಲಿ ಉಳಿಯುತ್ತದೆ, ಕೆಲಸದ ನಡುವೆ ಬಾಯಿಗೆ ಹಾಕಿಕೊಂಡದ್ದು ಉಳಿಯುವುದಿಲ್ಲ. ಯಾವುದು ಒಳ್ಳೆಯ ಆಹಾರವಲ್ಲ ಎಂದು ಎಲ್ಲ ಕಡೆ ಕೇಳಿಬರುತ್ತದೆಯೋ ಅದನ್ನು ಅಪರಿಚಿತರೆದುರು ಹೇಳುವಾಗ ಯಾರಿಗಾದರೂ ಸಂಕೋಚವಾಗುತ್ತದೆ.

ಅತಿಸಂಸ್ಕರಿತ ಆಹಾರದ ಲೆಕ್ಕದಲ್ಲಿ ಇನ್ನೊಂದು ತೊಡಕಿದೆ. ಎಲ್ಲ ಆಹಾರವನ್ನೂ ಒಂದೇ ಪ್ರಮಾಣದಲ್ಲಿ ಕಡಿಮೆ ಹೇಳಿದರೆ ಶೇಕಡಾವಾರು ಪಾಲು ಕೆಡುವುದಿಲ್ಲ, ಏಕೆಂದರೆ ಮೇಲಿನ ಸಂಖ್ಯೆಯೂ ಕೆಳಗಿನ ಸಂಖ್ಯೆಯೂ ಒಟ್ಟಿಗೆ ಕುಗ್ಗುತ್ತವೆ. ಆದರೆ ಮರೆವು ಹಾಗೆ ಸಮನಾಗಿ ಹಂಚಿಕೊಳ್ಳುವುದಿಲ್ಲ. ನಿಜವಾಗಿ 2,300 ಕ್ಯಾಲೊರಿ ತಿಂದು, ಅದರಲ್ಲಿ 1,100 ಅತಿಸಂಸ್ಕರಿತವಾಗಿದ್ದರೆ ಪಾಲು ಸುಮಾರು ಶೇ. 48. ಅವರು ಮರೆತ 300 ಕ್ಯಾಲೊರಿ ಪೂರ್ತಿಯಾಗಿ ಬಿಸ್ಕತ್ತು, ಪಾನೀಯಗಳದ್ದೇ ಆಗಿದ್ದರೆ ಕಾಗದದ ಮೇಲೆ ಪಾಲು ಶೇ. 40ಕ್ಕೆ ಇಳಿಯುತ್ತದೆ. ಭಾರದ ನೀರಿನ ಪರೀಕ್ಷೆಯು 300 ಕ್ಯಾಲೊರಿ ಕಾಣೆಯಾಗಿದೆ ಎಂದು ಹೇಳಬಲ್ಲುದೇ ಹೊರತು, ಕಾಣೆಯಾದದ್ದು ಯಾವ ಗುಂಪಿನದೆಂದು ಹೇಳಲಾರದು.

ಪ್ರಶ್ನೆ: ಸಕ್ಕರೆ ಕಾಯಿಲೆಗೆ ಇರುವಂತೆ, ಒಂದು ರಕ್ತಪರೀಕ್ಷೆ ಮಾಡಿ ಅತಿಸಂಸ್ಕರಿತ ಆಹಾರ ಎಷ್ಟು ತಿಂದಿದ್ದೇವೆ ಎಂದು ತಿಳಿಯಲು ಸಾಧ್ಯವಿಲ್ಲವೇ? ಇತ್ತೀಚೆಗೆ ಅಂಥದ್ದೊಂದು ಸುದ್ದಿ ಇತ್ತು.

ಉತ್ತರ: ಸುದ್ದಿ ನಿಜ, ಆದರೆ ಅದನ್ನು ಎಚ್ಚರದಿಂದ ಓದಬೇಕು. ಮೊದಲು ಕಷ್ಟ ಎಲ್ಲಿದೆ ಎಂದು ತಿಳಿದುಕೊಳ್ಳೋಣ. ಉಪ್ಪು ಎಷ್ಟು ತಿಂದಿರಿ ಎಂಬುದು ಇಪ್ಪತ್ತನಾಲ್ಕು ಗಂಟೆಯ ಮೂತ್ರದಲ್ಲಿರುವ ಸೋಡಿಯಂನಿಂದ ತಿಳಿಯುತ್ತದೆ. ಪ್ರೋಟೀನ್ ಎಷ್ಟೆಂಬುದು ಮೂತ್ರದ ಸಾರಜನಕದಿಂದ. ಇವೆಲ್ಲ ಗುರುತಿಸಬಹುದಾದ ರಾಸಾಯನಿಕಗಳು. ಅತಿಸಂಸ್ಕರಿತ ಎಂಬುದು ರಾಸಾಯನಿಕವಲ್ಲ, ತಯಾರಿಕೆಯ ಬಗೆ. ತಂಪು ಪಾನೀಯ, ಸಾಸೇಜ್, ಐಸ್‌ಕ್ರೀಂ, ದಿಢೀರ್ ನೂಡಲ್ಸ್ ಈ ನಾಲ್ಕರಲ್ಲೂ ಸಮಾನವಾಗಿರುವ, ಬೇರೆ ಯಾವ ಆಹಾರದಲ್ಲೂ ಇಲ್ಲದ ಒಂದು ಅಣುವನ್ನು ಹುಡುಕಿದರೆ ಸಿಗುವುದಿಲ್ಲ. ಬಿಡಿಬಿಡಿಯಾಗಿ ಕೆಲವು ಗುರುತುಗಳಿವೆ. ಅಸೆಸಲ್ಫೇಮ್ ಎಂಬ ಕೃತಕ ಸಿಹಿ ಬದಲಾಗದೆ ಮೂತ್ರದಲ್ಲಿ ಹೊರಬರುವುದರಿಂದ ಅದನ್ನು ಸೇವಿಸಿದವರನ್ನು ಪತ್ತೆಮಾಡಬಹುದು. ಆಸ್ಪರ್ಟೇಮ್ ಹಾಗಲ್ಲ, ಕರುಳಿನಲ್ಲೇ ಒಡೆದು, ಸಾಧಾರಣ ಆಹಾರದಲ್ಲೂ ಇರುವ ಅಂಶಗಳಾಗಿಬಿಡುತ್ತದೆ. ಕಾರ್ಖಾನೆಯ ಟ್ರಾನ್ಸ್ ಕೊಬ್ಬಿಗೆ ರಕ್ತದಲ್ಲಿನ ಎಲೈಡಿಕ್ ಆಮ್ಲವನ್ನು ಗುರುತಾಗಿ ಬಳಸಿದ್ದಾರೆ. ಇಂಥ ಪ್ರತಿಯೊಂದು ಗುರುತೂ ಆನೆಯ ಒಂದೊಂದು ಅಂಗವನ್ನು ಮುಟ್ಟುತ್ತದೆ.

ಆದ್ದರಿಂದ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ಸಂಶೋಧಕರು ಬೇರೆ ದಾರಿ ಹಿಡಿದರು. ಎರಿಕಾ ಲಾಫ್ಟ್‌ಫೀಲ್ಡ್ ಮತ್ತು ಸಂಗಡಿಗರ ಆ ಕೆಲಸ 2025ರ ಮೇ ತಿಂಗಳಲ್ಲಿ ಪ್ರಕಟವಾಯಿತು. ಒಂದು ಗುರುತಿನ ಬದಲು ಹಲವು ಗುರುತುಗಳನ್ನು ಕೂಡಿಸಿ ಒಂದು ಅಂಕ ಮಾಡುವುದು ಅವರ ವಿಧಾನ. ಐವತ್ತು ದಾಟಿದ 718 ಮಂದಿಯಿಂದ ಒಂದು ವರ್ಷದ ಅವಧಿಯಲ್ಲಿ ರಕ್ತ, ಮೂತ್ರದ ಮಾದರಿಗಳನ್ನೂ ಆಹಾರದ ವಿವರಗಳನ್ನೂ ಪಡೆದು, ಅತಿಸಂಸ್ಕರಿತ ಆಹಾರದ ಪಾಲಿನೊಂದಿಗೆ ಏರಿಳಿಯುವ ಚಯಾಪಚಯ ವಸ್ತುಗಳನ್ನು, ಅಂದರೆ ದೇಹ ಆಹಾರವನ್ನು ಬಳಸಿಕೊಳ್ಳುವಾಗ ಉಂಟಾಗುವ ಸಣ್ಣ ರಾಸಾಯನಿಕಗಳನ್ನು, ಆರಿಸಿದರು. ಅಂಥವು ನೂರಾರು ಸಿಕ್ಕವು. ಅವುಗಳಲ್ಲಿ ಕೆಲವನ್ನು ಕೂಡಿಸಿ ರಕ್ತಕ್ಕೆ ಒಂದು, ಮೂತ್ರಕ್ಕೆ ಒಂದು ಅಂಕ ರೂಪಿಸಿದರು.

ಆಮೇಲೆ ಅದನ್ನು ಪರೀಕ್ಷಿಸಿದ ಬಗೆ ನನಗೆ ಬಹಳ ಹಿಡಿಸಿತು. 2019ರಲ್ಲಿ ಪ್ರಕಟವಾದ ಕೆವಿನ್ ಹಾಲ್ ಅವರ ಪ್ರಸಿದ್ಧ ಪ್ರಯೋಗದಲ್ಲಿ ಇಪ್ಪತ್ತು ಜನ 28 ದಿನ ಸಂಶೋಧನಾ ಆಸ್ಪತ್ರೆಯಲ್ಲೇ ಇದ್ದು, ಎರಡು ವಾರ ಶೇ. 80ರಷ್ಟು ಕ್ಯಾಲೊರಿ ಅತಿಸಂಸ್ಕರಿತ ಆಹಾರದಿಂದ ಬರುವ ಊಟವನ್ನೂ, ಇನ್ನೆರಡು ವಾರ ಅದು ಸ್ವಲ್ಪವೂ ಇಲ್ಲದ ಊಟವನ್ನೂ ಉಂಡಿದ್ದರು. ಅಲ್ಲಿ ಯಾರ ನೆನಪನ್ನೂ ಅವಲಂಬಿಸಬೇಕಾಗಿರಲಿಲ್ಲ. ಬಡಿಸಿದ್ದನ್ನು ತೂಗಿದ್ದರು, ಉಳಿದದ್ದನ್ನೂ ತೂಗಿದ್ದರು. ಅತಿಸಂಸ್ಕರಿತ ಆಹಾರದ ಎರಡು ವಾರಗಳಲ್ಲಿ ಅವರು ದಿನಕ್ಕೆ ಸುಮಾರು 500 ಕ್ಯಾಲೊರಿ ಹೆಚ್ಚು ತಿಂದರು ಎಂದು ಅಷ್ಟು ಖಚಿತವಾಗಿ ಹೇಳಲು ಸಾಧ್ಯವಾದದ್ದು ಆ ತೂಕದಿಂದಲೇ. ಅದೇ ಜನರ ಮಾದರಿಗಳಿಗೆ ಹೊಸ ಅಂಕವನ್ನು ಹಚ್ಚಿ ನೋಡಿದಾಗ, ಒಬ್ಬನೇ ವ್ಯಕ್ತಿ ಯಾವ ಊಟದಲ್ಲಿದ್ದಾಗ ಯಾವ ಮಾದರಿ ಕೊಟ್ಟನೆಂಬುದನ್ನು ಅದು ಬೇರ್ಪಡಿಸಿತು.

ಇಷ್ಟಾದರೂ ನಿಮ್ಮ ವೈದ್ಯರ ಬಳಿ ಹೋಗಿ ಈ ಪರೀಕ್ಷೆ ಮಾಡಿಸಿಕೊಳ್ಳುವ ಕಾಲ ಬಂದಿಲ್ಲ. ಶೇ. 80 ಮತ್ತು ಸೊನ್ನೆ ಬಹಳ ದೂರದ ಎರಡು ತುದಿಗಳು; ಶೇ. 35 ತಿನ್ನುವವರನ್ನು ಶೇ. 45 ತಿನ್ನುವವರಿಂದ ಬೇರ್ಪಡಿಸುವುದು ಬೇರೆಯೇ ಮಟ್ಟದ ಕೆಲಸ. ಅಂಕವನ್ನು ರೂಪಿಸಲು ಬಳಸಿದ್ದು ಜನ ತಾವೇ ಹೇಳಿದ ಆಹಾರದ ವಿವರ, ಆದ್ದರಿಂದ ಆ ವಿವರದ ದೋಷದ ಒಂದಿಷ್ಟು ನೆರಳು ಅಂಕದ ಮೇಲೂ ಬಿದ್ದಿರುತ್ತದೆ. ಮೂರನೆಯದು ಎಲ್ಲಕ್ಕಿಂತ ಮುಖ್ಯ. ಅತಿಸಂಸ್ಕರಿತ ಆಹಾರ ಹೆಚ್ಚು ತಿನ್ನುವವರು ಹಣ್ಣು, ತರಕಾರಿ ಕಡಿಮೆ ತಿನ್ನುತ್ತಾರೆ. ಆ ಅಂಕದೊಳಗಿನ ಕೆಲವು ಗುರುತುಗಳು ತೋರಿಸುತ್ತಿರುವುದು ಬಿಸ್ಕತ್ತನ್ನಲ್ಲ, ತರಕಾರಿಯ ಕೊರತೆಯನ್ನು ಇರಬಹುದು. ಇಂಥ ಅಂಕಗಳು ಪ್ರಶ್ನಾವಳಿಯ ಪಕ್ಕದಲ್ಲಿ ನಿಂತು ಅದನ್ನು ತಾಳೆ ನೋಡುವ ಸಾಕ್ಷಿಗಳಾಗಿ ಬಹಳ ಬೆಲೆಯುಳ್ಳವು. ಪ್ರಶ್ನಾವಳಿಯ ಜಾಗಕ್ಕೆ ಅವನ್ನು ತರುವುದು ಈಗಲೇ ಸಲ್ಲದು.

ಪ್ರಶ್ನೆ: ಮೊಬೈಲಿನಲ್ಲಿ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ನೋವಾ ಗುಂಪು ತೋರಿಸುವ ಆ್ಯಪ್‌ಗಳನ್ನು ನಂಬಬಹುದೇ?

ಉತ್ತರ: ಪೊಟ್ಟಣದ ಪದಾರ್ಥಕ್ಕೆ ಬಹುಮಟ್ಟಿಗೆ ಹೌದು. 2012ರಲ್ಲಿ ಫ್ರಾನ್ಸ್‌ನಲ್ಲಿ ಆರಂಭವಾದ ಓಪನ್ ಫುಡ್ ಫ್ಯಾಕ್ಟ್ಸ್ ಎಂಬ ಮುಕ್ತ ದತ್ತಾಂಶಕೋಶದಲ್ಲಿ ಘಟಕಗಳ ಪಟ್ಟಿಯನ್ನು ಓದಿ ಗುಂಪನ್ನು ಲೆಕ್ಕ ಹಾಕುವ ವ್ಯವಸ್ಥೆಯಿದೆ. ಆದರೆ ಪಟ್ಟಿಯನ್ನು ಸೇರಿಸುವವರು ಬಳಕೆದಾರರೇ ಆದ್ದರಿಂದ ತಯಾರಕರು ಘಟಕಗಳನ್ನು ಬದಲಿಸಿದ ಮೇಲೂ ಹಳೆಯ ಪಟ್ಟಿ ಉಳಿದಿರಬಹುದು. ಕೈಯಲ್ಲಿರುವ ಪೊಟ್ಟಣವನ್ನೇ ಒಮ್ಮೆ ಓದಿಕೊಳ್ಳಿ. ಹೋಟೆಲಿನಲ್ಲಿ ತಿಂದದ್ದಕ್ಕೆ ಬಾರ್‌ಕೋಡ್ ಇಲ್ಲ, ಅಲ್ಲಿ ಆ್ಯಪ್ ನೆರವಿಗೆ ಬರುವುದಿಲ್ಲ.

ಪ್ರಶ್ನೆ: ಅಳತೆ ಇಷ್ಟು ದುರ್ಬಲವಾಗಿದ್ದರೆ, ಈ ಆಹಾರದಿಂದ ಕಾಯಿಲೆ ಬರುತ್ತದೆ ಎಂಬ ಅಧ್ಯಯನಗಳನ್ನೆಲ್ಲ ಬದಿಗಿಡಬೇಕಲ್ಲವೇ?

ಉತ್ತರ: ಬೇಡ. ತಪ್ಪು ಯಾವ ದಿಕ್ಕಿನದು ಎಂದು ಮೊದಲು ನೋಡಬೇಕು. ಕೆಲವರನ್ನು ಹೆಚ್ಚಾಗಿ, ಕೆಲವರನ್ನು ಕಡಿಮೆಯಾಗಿ, ಯಾವ ಕ್ರಮವೂ ಇಲ್ಲದೆ ತಪ್ಪಾಗಿ ಅಳೆದರೆ, ಹೆಚ್ಚು ತಿನ್ನುವವರ ಗುಂಪಿನಲ್ಲಿ ಕಡಿಮೆ ತಿನ್ನುವವರೂ, ಕಡಿಮೆಯವರ ಗುಂಪಿನಲ್ಲಿ ಹೆಚ್ಚು ತಿನ್ನುವವರೂ ಬೆರೆತುಹೋಗುತ್ತಾರೆ. ಆಗ ಎರಡು ಗುಂಪುಗಳ ನಡುವಿನ ವ್ಯತ್ಯಾಸ ಮಸುಕಾಗುತ್ತದೆ. ಅಂದರೆ ಇಂಥ ತಪ್ಪು ಸಾಮಾನ್ಯವಾಗಿ ನಿಜವಾದ ಸಂಬಂಧವನ್ನು ಇರುವುದಕ್ಕಿಂತ ಚಿಕ್ಕದಾಗಿ ತೋರಿಸುತ್ತದೆ.

ಭಯಪಡಬೇಕಾದದ್ದು ಕ್ರಮಬದ್ಧವಾದ ತಪ್ಪಿಗೆ. ಉದಾಹರಣೆಗೆ, ದೇಹದ ತೂಕ ಹೆಚ್ಚಿರುವವರು ತಿಂದದ್ದನ್ನು ಉಳಿದವರಿಗಿಂತ ಇನ್ನಷ್ಟು ಕಡಿಮೆ ಮಾಡಿ ಹೇಳುತ್ತಾರೆಂದು ಹಲವು ಅಧ್ಯಯನಗಳಲ್ಲಿ ಕಂಡಿದೆ. ಅಂಥಲ್ಲಿ ಕಾಯಿಲೆಯ ಸಾಧ್ಯತೆ ಹೆಚ್ಚಿರುವವರೇ ಕಡಿಮೆ ತಿನ್ನುವವರ ಗುಂಪಿಗೆ ಸೇರಿಬಿಟ್ಟರೆ ಫಲಿತಾಂಶ ಯಾವ ಕಡೆಗಾದರೂ ವಾಲಬಹುದು. ಜೊತೆಗೆ, ದಶಕಗಳ ಕಾಲ ಜನರನ್ನು ಹಿಂಬಾಲಿಸಿದ ದೊಡ್ಡ ಅಧ್ಯಯನಗಳಲ್ಲಿ ಕೆಲವು ತಮ್ಮ ಪ್ರಶ್ನಾವಳಿಗಳನ್ನು ಸಿದ್ಧಪಡಿಸಿದ್ದು 1990ರ ದಶಕದಲ್ಲಿ, ನೋವಾ ಹುಟ್ಟುವುದಕ್ಕಿಂತ ಬಹಳ ಮುಂಚೆ. ಅವುಗಳಲ್ಲಿ ಬ್ರೆಡ್ಡಿಗೆ ಒಂದೆರಡು ಸಾಲು, ಸೂಪಿಗೆ ಒಂದು ಸಾಲು. ಆ ಉತ್ತರಗಳಿಗೆ ಇಂದು ಗುಂಪು ಹಚ್ಚುವುದು, ಮನೆ ಕಟ್ಟಿದ ಮೇಲೆ ಅಡಿಪಾಯದ ನಕ್ಷೆ ಬರೆದಂತೆ. ನಾನು ಇಂಥ ಅಧ್ಯಯನವೊಂದನ್ನು ಓದುವಾಗ ಮೊದಲು ನೋಡುವುದು ಅಪಾಯ ಶೇಕಡಾ ಎಷ್ಟು ಹೆಚ್ಚಿತು ಎಂಬುದನ್ನಲ್ಲ. ಆಹಾರವನ್ನು ಯಾವ ವರ್ಷ, ಎಷ್ಟು ಸಲ, ಯಾವ ಪ್ರಶ್ನೆಯಿಂದ ಕೇಳಿದರು ಎಂಬುದನ್ನು. ಒಂದೇ ಸಲ ಕೇಳಿ ಹದಿನೈದು ವರ್ಷ ಕಾಯ್ದ ಅಧ್ಯಯನಕ್ಕೂ, ಪದೇಪದೇ ಕೇಳಿ ಬ್ರಾಂಡಿನ ಹೆಸರನ್ನೂ ಬರೆದುಕೊಂಡ ಅಧ್ಯಯನಕ್ಕೂ ನನ್ನ ಮನಸ್ಸಿನಲ್ಲಿ ಸಮಾನ ಸ್ಥಾನವಿಲ್ಲ.

ಪ್ರಶ್ನೆ: ನಮ್ಮ ಮನೆಯ ಮಟ್ಟಿಗೆ ಒಂದು ಅಂದಾಜು ಬೇಕು. ತಕ್ಕಡಿ ಹಿಡಿದು ಕೂರಲು ಆಗದವರು ಏನು ಮಾಡಬಹುದು?

ಉತ್ತರ: ಬ್ರೆಜಿಲ್‌ನ ಸಂಶೋಧಕರು ಇದಕ್ಕೆಂದೇ ಒಂದು ಚಿಕ್ಕ ಪ್ರಶ್ನಾವಳಿ ಮಾಡಿದ್ದಾರೆ. ಅತಿಸಂಸ್ಕರಿತ ಆಹಾರದ 23 ಬಗೆಗಳ ಪಟ್ಟಿಯಿರುತ್ತದೆ. ನಿನ್ನೆ ಅವುಗಳಲ್ಲಿ ಯಾವುದನ್ನು ತಿಂದಿರಿ ಎಂದು ಗುರುತು ಹಾಕಿದರೆ ಸೊನ್ನೆಯಿಂದ 23ರವರೆಗೆ ಒಂದು ಅಂಕ ಬರುತ್ತದೆ. ಪ್ರಮಾಣ ಕೇಳುವುದಿಲ್ಲ, ಕ್ಯಾಲೊರಿ ಕೇಳುವುದಿಲ್ಲ, ಕೆಲವೇ ನಿಮಿಷದ ಕೆಲಸ. ಆ ಅಂಕ ಏರಿದಂತೆ, ಪೂರ್ಣ ಸಂದರ್ಶನದಲ್ಲಿ ಸಿಗುವ ಕ್ಯಾಲೊರಿ ಪಾಲೂ ಏರುತ್ತದೆ ಎಂದು ಅವರು ಹೋಲಿಸಿ ನೋಡಿದ್ದಾರೆ. ನಿಮ್ಮ ಮನೆಯಲ್ಲಿ ಸಾಮಾನ್ಯವಾಗಿ ತರುವ ಇಂಥ ಪದಾರ್ಥಗಳ ಪಟ್ಟಿಯನ್ನು ನೀವೇ ಬರೆದು ಅಡುಗೆಮನೆಯಲ್ಲಿ ಅಂಟಿಸಿ, ಪ್ರತಿದಿನ ಮಲಗುವ ಮುನ್ನ ಗುರುತು ಹಾಕಿದರೆ ಸಾಕು. ವಾರದ ದಿನಗಳ ಜೊತೆ ಒಂದು ರಜಾದಿನವೂ ಸೇರಿರಲಿ, ಏಕೆಂದರೆ ಎರಡರ ಊಟ ಒಂದೇ ರೀತಿ ಇರುವುದಿಲ್ಲ.

ತೂಗಿ ಬರೆಯುವ ಪದ್ಧತಿಯೇ ಎಲ್ಲಕ್ಕಿಂತ ನಿಖರವೆಂದು ಬಹಳ ಜನ ತಿಳಿದಿದ್ದಾರೆ. ಈ ಅಂಕಣ ಬರೆಯುವ ಮುನ್ನ ನಾನೂ ಒಂದು ವಾರ ಪ್ರತಿಯೊಂದನ್ನೂ ತೂಗಿ ಪುಸ್ತಕದಲ್ಲಿ ಬರೆದೆ. ಜೊತೆಗೆ ತೆರೆದ ಪ್ರತಿಯೊಂದು ಪೊಟ್ಟಣದ ಹೊದಿಕೆಯನ್ನೂ ಒಂದು ಬಟ್ಟೆಯ ಚೀಲಕ್ಕೆ ಹಾಕುತ್ತಾ ಬಂದೆ. ಎರಡನೆಯ ದಿನ ಸಂಜೆಯೇ ಒಂದು ವಿಷಯ ಗಮನಕ್ಕೆ ಬಂತು. ಬಿಸ್ಕತ್ತಿನ ಡಬ್ಬಿಯತ್ತ ಹೋದ ಕೈ, ತಕ್ಕಡಿಯನ್ನು ಹೊರತೆಗೆಯಬೇಕಲ್ಲ ಎಂಬ ಒಂದೇ ಕಾರಣಕ್ಕೆ ಹಿಂದೆ ಬಂತು. ಅಳೆಯುವ ಕ್ರಿಯೆಯೇ ತಿನ್ನುವುದನ್ನು ಬದಲಿಸಿತ್ತು. ಸಂಶೋಧಕರಿಗೆ ಇದು ಪರಿಚಿತ ತೊಂದರೆ. ಏಳನೆಯ ದಿನ ಚೀಲವನ್ನು ಮೇಜಿನ ಮೇಲೆ ಸುರಿದು, ಒಂದೊಂದೇ ಹೊದಿಕೆಯನ್ನು ಪುಸ್ತಕದ ಸಾಲಿಗೆ ಹೊಂದಿಸುತ್ತಾ ಹೋದೆ. ಅಷ್ಟು ಎಚ್ಚರವಾಗಿದ್ದರೂ ಮೂರು ಹೊದಿಕೆಗಳಿಗೆ ಪುಸ್ತಕದಲ್ಲಿ ಸಾಲೇ ಇರಲಿಲ್ಲ: ಒಂದು ಚಾಕೊಲೇಟಿನದು, ಒಂದು ಚಿಕ್ಕ ಚಿಪ್ಸ್ ಪೊಟ್ಟಣದ್ದು, ಒಂದು ಸಾಸ್ ಪೊಟ್ಟಣದ್ದು. ಮೂರನ್ನೂ ನಾನು ತಟ್ಟೆಯಿಲ್ಲದೆ, ನಿಂತುಕೊಂಡೇ ತಿಂದಿದ್ದೆ. ನಿಮ್ಮ ಮನೆಯಲ್ಲಿ ತಕ್ಕಡಿ ಇಲ್ಲದಿದ್ದರೆ ಚಿಂತೆಯಿಲ್ಲ, ಅಂಥದ್ದೊಂದು ಚೀಲವನ್ನು ಬಾಗಿಲ ಹಿಂದೆ ತೂಗುಹಾಕಿ.